ಕಂಪನಿ ಎಥಿಕ್ಸ್ ಹೆಲ್ಪ್‌ಲೈನಿಗೆ ದೂರು ಕೊಡೂದು ಹೆಂಗ, ನಿಮ್ಮ ಹೆಸರು ಹೊರಗ ಬೀಳದಂಗ ಹೆಂಗ ನೋಡ್ಕೋಬೇಕು

ಬೆಳಗಾವಿ ಉದ್ಯಮಬಾಗ, ಮಚ್ಛೆ, ಹೊನಗಾ, ಕಾಕತಿ ಕಡೆ ಒಂದೀಟು ದೊಡ್ಡ ಫ್ಯಾಕ್ಟರಿ ಒಳಗ ಹೋದ್ರ ಗೇಟಿನ ಹತ್ರ ಇಲ್ಲಾ ಕ್ಯಾಂಟೀನ್ ಗ್ವಾಡಿ ಮ್ಯಾಲೆ ಒಂದು ಬೋರ್ಡ್ ಇರ್ತೈತಿ, 1800ರಿಂದ ಚಾಲೂ ಆಗೋ ನಂಬರು, ಒಂದು ಇಮೇಲ್, ಮ್ಯಾಲೆ ಎಥಿಕ್ಸ್ ಹೆಲ್ಪ್‌ಲೈನ್ ಅಂತ ದೊಡ್ಡ ಅಕ್ಷರ. ದಿನಾ ಅದರ ಮುಂದ ಹಾದು ಪಾಳಿಗೆ ಹೋಗೋರಿಗೂ ಆ ಫೋನ್ ಯಾರು ಎತ್ತತಾರ, ಎತ್ತಿದ ಮ್ಯಾಲೆ ಏನು ಆಗ್ತೈತಿ ಅನ್ನೂದು ಗೊತ್ತಿರಂಗಿಲ್ಲ. ಬಾಗಲಕೋಟೆ ಕಡೆ ಸಿಮೆಂಟು, ಸಕ್ಕರೆ ಫ್ಯಾಕ್ಟರಿನ್ಯಾಗ ಇರೋರು, ವಿಜಯಪುರದಾಗ ಫೈನಾನ್ಸ್ ಬ್ರ್ಯಾಂಚಿನ್ಯಾಗ ಕಲೆಕ್ಷನ್ ಮಾಡೋರು, ಎಲ್ಲಾರೂ ಕೇಳೂದು ಒಂದ ಮಾತು, "ನನ್ನ ಹೆಸರು ಹೊರಗ ಬೀಳ್ತೈತೇನ್ರಿ?"

ಆ ಪ್ರಶ್ನೆ ಖರೇನ ದೊಡ್ಡದು. ನಮ್ಮ ಕಡೆ ನೌಕರಿ ಸಿಕ್ಕಿರೂದ ಯಾರೋ ಒಬ್ಬರ ಮಾತಿನ ಮ್ಯಾಲೆ, ಸೂಪರ್ವೈಸರ್ ಊರವನ ಇರ್ತಾನ, ಸ್ಟೋರಿನ್ಯಾಗ ಬೀಗರ ಹುಡುಗ, ಲೇಬರ್ ಕಾಂಟ್ರ್ಯಾಕ್ಟರ್ ಮಗಳ ಮದುವಿಗೆ ನಾವೆಲ್ಲಾ ಹೋಗಿ ಊಟ ಮಾಡಿ ಬಂದಿರ್ತೀವಿ. ಇಂಥಲ್ಲಿ ಗುಟ್ಟು ಉಳಿಬೇಕಂದ್ರ ಹೆಲ್ಪ್‌ಲೈನಿನವರು ಬಾಯಿ ಮುಚ್ಚಿಕೊಂಡಿದ್ರ ಸಾಕಾಗಂಗಿಲ್ಲ. ಹೆಸರು ಸೋರೂದು ಹೆಚ್ಚಾಗಿ ಎರಡು ಕಡೆಯಿಂದ: ಒಂದು ಚಾದ ಅಂಗಡಿ ಮಾತು, ಇನ್ನೊಂದು ನಾವು ದೂರಿನ್ಯಾಗ ಬರದ ಸಾಲು, ಓದಿದ ಕೂಡ್ಲೆ "ಇದು ಅವಂದ ಕೆಲಸ" ಅಂತ ಗೊತ್ತಾಗೋ ಸಾಲು. ಇವೆರಡೂ ನಮ್ಮ ಕೈಯಾಗ ಅದಾವ, ಅದಕ್ಕ ಈ ಲೇಖನದಾಗ ಹೆಚ್ಚು ಜಾಗ ಅದಕ್ಕ ಕೊಟ್ಟೀನಿ.

ಮೊದಲ, ಇದು ಹೆಲ್ಪ್‌ಲೈನಿನ ವಿಷಯನೋ ಅಲ್ಲೋ ನೋಡ್ರಿ

ವೆಂಡರ್ ಕಡೆಯಿಂದ ಕಮಿಷನ್ ತಗೊಳ್ಳೂದು, ಸುಳ್ಳ ಬಿಲ್ಲು, ಮಾಲು ಕಳವು, ಕೆಲಸಕ್ಕ ಬರದ ಮಂದಿ ಹೆಸರಿನ್ಯಾಗ ಹಾಜರಿ ಹಾಕಿ ಪಗಾರ ಎತ್ತೂದು, ಟೆಸ್ಟ್ ಮಾಡದ ಕ್ವಾಲಿಟಿ ರಿಪೋರ್ಟಿಗೆ ಸಹಿ ಹಾಕೂದು, ಅಪಘಾತ ಆದ್ರ ರಿಜಿಸ್ಟರಿನ್ಯಾಗ ಬರೀದ ಮುಚ್ಚಿಡೂದು, ನೌಕರಿ ಕೊಡಸ್ತೀನಿ ಅಂತ ರೊಕ್ಕ ತಿನ್ನೂದು, ಕೆಳಗಿನವರಿಗೆ ಕಿರುಕುಳ, ಜಾತಿ ಎತ್ತಿ ಬೈಯ್ಯೂದು, ಇವೆಲ್ಲಾ ಹೆಲ್ಪ್‌ಲೈನಿಗೆ ಹೇಳಬೇಕಾದ್ದು. ಇನ್ಕ್ರಿಮೆಂಟ್ ಕಡಿಮಿ ಆತು, ರಜಾ ಕೊಡಲಿಲ್ಲ, ಪಾಳಿ ಬದಲಿ ಮಾಡಿದ್ರು ಅನ್ನೂದು ಎಚ್‌ಆರ್ ಕಡೆ ಹೋಗೋ ವಿಷಯ. ಅದನ್ನ ಇಲ್ಲಿ ಹಾಕಿದ್ರ ವಾಪಸ್ ಎಚ್‌ಆರಿಗೇ ಕಳಸ್ತಾರ, ಟೈಮ್ ಹಾಳು.

ಎರಡು ಸಂಗತಿ ಮಾತ್ರ ಬ್ಯಾರೆ. ಜೀವಕ್ಕ ಅಪಾಯ ಇದ್ರ, ಹೊಡದಾಟ ನಡದಿದ್ರ, ಹೆಲ್ಪ್‌ಲೈನಿಗೆ ಅಲ್ಲ 112ಕ್ಕ ಫೋನ್ ಹಚ್ರಿ. ಇನ್ನ ಲೈಂಗಿಕ ಕಿರುಕುಳದ ವಿಷಯಕ್ಕ 2013ರ ಕಾಯ್ದೆನ ಬ್ಯಾರೆ ಐತಿ, ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಇರೋ ಎಲ್ಲಾ ಕಡೆ ಆಂತರಿಕ ಸಮಿತಿ ಇರಾಕಬೇಕು, ಆ ಸಮಿತಿಗೆ ಬರವಣಿಗೆಯಲ್ಲಿ ದೂರು ಕೊಡಾಕ ಘಟನೆ ಆದ ದಿನದಿಂದ 3 ತಿಂಗಳು ಟೈಮ್ (ಮ್ಯಾಲಿಂದ ಮ್ಯಾಲೆ ನಡದಿದ್ರ ಕಡೀ ಘಟನೆಯಿಂದ ಲೆಕ್ಕ), ಸರಿಯಾದ ಕಾರಣ ಇದ್ರ ಸಮಿತಿ ಇನ್ನ 3 ತಿಂಗಳು ಕೊಡಬಹುದು. ಹೆಲ್ಪ್‌ಲೈನಿಗೆ ಫೋನ್ ಮಾಡೀನಿ, ಅದ ದೂರು ಆತು ಅಂತ ಸುಮ್ನ ಕೂತ್ರ ಈ ಟೈಮ್ ಹೋಗಿಬಿಡ್ತೈತಿ. ಫೋನ್ ಬೇಕಾದ್ರ ಮಾಡ್ರಿ, ಆದ್ರ ಸಮಿತಿಗೆ ಕಾಗದದ ಮ್ಯಾಲೂ ಕೊಡ್ರಿ. ಬರ್ಯಾಕ ಬರದ ಹೆಣ್ಣುಮಕ್ಕಳಿಗೆ ಬರೀಲಿಕ್ಕೆ ಸಹಾಯ ಮಾಡೂದು ಸಮಿತಿ ಕೆಲಸ ಅಂತ ಕಾಯ್ದೆನ್ಯಾಗ ಐತಿ. ವಿಚಾರಣೆ 90 ದಿನದಾಗ ಮುಗಿಸಬೇಕು, ಆ ನಡುವೆ ನೀವು ಲಿಖಿತದಾಗ ಕೇಳಿದ್ರ ನಿಮ್ಮನ್ನೋ ಆ ಮನಷ್ಯಾನ್ನೋ ಬ್ಯಾರೆ ಕಡೆ ಹಾಕಾಕ, ನಿಮಗ 3 ತಿಂಗಳ ತನಕ ರಜೆ ಕೊಡಾಕ ಸಮಿತಿ ಶಿಫಾರಸು ಮಾಡಬಹುದು. ಇದು ಭಾಳ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ, ಗೊತ್ತಿದ್ದವರು ಹೇಳ್ರಿ.

ಕಂಪನಿಯ ಪಾಲಿಸಿ ಹುಡುಕಿ ಓದ್ರಿ

ಇದು ಮಾಲಕರ ದೊಡ್ಡ ಮನಸ್ಸಿನಿಂದ ಬಂದ ಸೌಲಭ್ಯ ಅಲ್ಲ. 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಶೇರ್ ಮಾರ್ಕೆಟ್ಟಿನ್ಯಾಗ ಲಿಸ್ಟ್ ಆಗಿರೋ ಎಲ್ಲಾ ಕಂಪನಿ, ಸಾರ್ವಜನಿಕರಿಂದ ಠೇವಣಿ ತಗೊಳ್ಳೋ ಕಂಪನಿ, ಬ್ಯಾಂಕು ಮತ್ತ ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂಪಾಯಿಗಿಂತ ಹೆಚ್ಚು ಸಾಲ ಮಾಡಿದ ಕಂಪನಿ ಇಂಥಾ ವ್ಯವಸ್ಥಾ ಇಡಾಕಬೇಕು. ಕಾಯ್ದೆನ್ಯಾಗ ಇದಕ್ಕ ವಿಜಿಲ್ ಮೆಕ್ಯಾನಿಸಂ ಅಂತಾರ. ದೂರು ಕೊಟ್ಟವರಿಗೆ ತ್ರಾಸ ಕೊಡದಂಗ ರಕ್ಷಣೆ ಇರಬೇಕು ಅಂತನೂ ಅದ ಸೆಕ್ಷನ್ನಿನ್ಯಾಗ ಐತಿ. ಲಿಸ್ಟೆಡ್ ಕಂಪನಿಗಳಿಗೆ ಶೇರ್ ಮಾರ್ಕೆಟ್ ಮ್ಯಾಲೆ ನಿಗಾ ಇಡೋ ಸೆಬಿಯ 2015ರ ನಿಯಮನೂ ಇದನ್ನ ಹೇಳ್ತೈತಿ. ಅದಕ್ಕ ಕಂಪನಿ ವೆಬ್‌ಸೈಟಿನ್ಯಾಗ ವಿಜಿಲ್ ಮೆಕ್ಯಾನಿಸಂ ಇಲ್ಲಾ ವಿಸಲ್ ಬ್ಲೋವರ್ (ಒಳಗಿನ ತಪ್ಪು ಹೊರಗ ತರೋರು) ಪಾಲಿಸಿ ಅಂತ ಹುಡುಕಿದ್ರ ಒಂದು ಪಿಡಿಎಫ್ ಸಿಗ್ತೈತಿ. ಮನಿಯಾಗ ನಿಮ್ಮ ಫೋನಿನ್ಯಾಗ ಹುಡುಕ್ರಿ, ಆಫೀಸ್ ಕಂಪ್ಯೂಟರಿನ್ಯಾಗ ಬ್ಯಾಡ.

ಪೂರಾ ಇಂಗ್ಲಿಷ್ ಇರ್ತೈತಿ, ತಲಿ ಕೆಡಿಸ್ಕೋಬ್ಯಾಡ್ರಿ, ಮೂರು ವಿಷಯ ಹುಡುಕಿದ್ರ ಸಾಕು. ಹೆಸರಿಲ್ಲದ ದೂರು ತಗೊಳ್ತಾರೋ ಇಲ್ಲೋ. ಕಾಂಟ್ರ್ಯಾಕ್ಟ್ ಲೇಬರ್, ಟ್ರೇನಿ, ವೆಂಡರ್ ಕಡೆಯವರು ಕೊಡಬಹುದೋ ಇಲ್ಲೋ. ದೂರು ಯಾರ ಕೈಗೆ ಹೋಗ್ತೈತಿ, ಅವನ ಮ್ಯಾಲೇ ದೂರು ಇದ್ರ ಯಾರಿಗೆ ಕಳಸ್ಬೇಕು. ಈ ಮೂರನೇದು ಎಲ್ಲಕ್ಕಿಂತ ಮುಖ್ಯ, ಯಾಕಂದ್ರ ಪ್ಲಾಂಟ್ ಹೆಡ್ ಮ್ಯಾಲಿನ ದೂರು ಪ್ಲಾಂಟ್ ಹೆಡ್ ಟೇಬಲ್ಲಿಗೇ ಬಂದ್ರ ಏನು ಬಂತು? ಅಂಥಾ ಹೊತ್ತಿನ್ಯಾಗ ಆಡಿಟ್ ಕಮಿಟಿ (ಲೆಕ್ಕಪತ್ರ ನೋಡೋ, ಕಂಪನಿ ಡೈರೆಕ್ಟರುಗಳ ಸಮಿತಿ) ಅಧ್ಯಕ್ಷರಿಗೆ ಸೀದಾ ಬರೀಲಿಕ್ಕೆ ಕಾಯ್ದೆನ ದಾರಿ ಕೊಟ್ಟೈತಿ, ಅವರ ಇಮೇಲ್ ಇಲ್ಲಾ ಪೋಸ್ಟಿನ ವಿಳಾಸ ಪಾಲಿಸಿ ಕಡೀ ಪುಟದಾಗ ಹುಡುಕ್ರಿ.

ಸಣ್ಣ ವರ್ಕ್‌ಶಾಪಿನ್ಯಾಗ ಇರೋರಿಗೆ ಇದು ಯಾವುದೂ ಇರಂಗಿಲ್ಲ. ಆದ್ರ ನಿಮ್ಮ ಮಾಲು ಹೋಗೋ ದೊಡ್ಡ ಕಂಪನಿ ಯಾವುದು ನೋಡ್ರಿ, ಭಾಳಷ್ಟು ದೊಡ್ಡ ಕಂಪನಿಗಳ ಹೆಲ್ಪ್‌ಲೈನ್ ತಮ್ಮ ಸಪ್ಲೈಯರ್ ಕಡೆ ಕೆಲಸ ಮಾಡೋರ ದೂರನ್ನೂ ತಗೊಳ್ತಾವ. ಸುಳ್ಳ ಟೆಸ್ಟ್ ಸರ್ಟಿಫಿಕೇಟ್ ಹಚ್ಚಿ ಕಾಸ್ಟಿಂಗ್ ಕಳಿಸೋ ವಿಷಯ ಇದ್ರ ಅವರು ಕಿವಿಗೊಟ್ಟು ಕೇಳ್ತಾರ.

ಹೆಸರು ಹೇಳಬೇಕೋ ಬ್ಯಾಡೋ

ಗುಟ್ಟಾಗಿ ಇಡ್ತೀವಿ ಅನ್ನೂದು ಬ್ಯಾರೆ, ಹೆಸರ ಇಲ್ಲದ ದೂರು ಬ್ಯಾರೆ, ಮಂದಿ ಇದನ್ನ ಒಂದ ಅಂತ ತಿಳಿತಾರ. ಮೊದಲನೇದ್ರಾಗ ನಿಮ್ಮ ಹೆಸರು ತನಿಖೆ ಮಾಡೋ ಒಬ್ಬಿಬ್ಬರಿಗೆ ಗೊತ್ತಿರ್ತೈತಿ, ಅವರು ಹೊರಗ ಹೇಳಂಗಿಲ್ಲ. ಎರಡನೇದ್ರಾಗ ಯಾರಿಗೂ ಗೊತ್ತಿರಂಗಿಲ್ಲ. ಹೊರಗಿನ ಏಜೆನ್ಸಿ ನಡಸೋ ಹೆಲ್ಪ್‌ಲೈನಿನ್ಯಾಗ ಇನ್ನೊಂದು ದಾರಿ ಇರ್ತೈತಿ, ಹೆಸರು ಏಜೆನ್ಸಿಗೆ ಮಾತ್ರ ಗೊತ್ತು, ಕಂಪನಿಗೆ ಹೋಗಂಗಿಲ್ಲ, ಮುಂದ ಏನಾರ ಕೇಳೂದಿದ್ರ ಏಜೆನ್ಸಿಯವರ ನಿಮ್ಮನ್ನ ಕೇಳ್ತಾರ. ಇದು ಸಿಕ್ರ ಇದನ್ನ ಹಿಡೀರಿ ಅಂತ ನನ್ನ ಅಭಿಪ್ರಾಯ.

ಹೆಸರಿಲ್ಲದ ದೂರಿಗೆ ತೂಕ ಕಡಿಮಿ ಅಂತ ಹೇಳೋರು ಅದಾರ. ಕಾಗದ ಪತ್ರದ ಮ್ಯಾಲೆ ನಿಲ್ಲೋ ವಿಷಯ, ಅಂದ್ರ ಬಿಲ್ಲು, ತೂಕ, ಹಾಜರಿ, ಸ್ಟಾಕು, ಇವುಕ್ಕ ಹೆಸರು ಬೇಕಾಗಂಗಿಲ್ಲ, ರೆಕಾರ್ಡ್ ತಾನ ಮಾತಾಡ್ತೈತಿ. ಕಿರುಕುಳದಂಥಾ ವಿಷಯಕ್ಕ ಮಾತ್ರ ಯಾರಿಗೆ ಆತು ಅನ್ನೂದು ಇಲ್ಲದ ತನಿಖೆ ಮುಂದ ಹೋಗೂದು ಕಷ್ಟ. ಇದನ್ನ ನೋಡಿ ನೀವ ತೀರ್ಮಾನ ಮಾಡ್ರಿ, ಮನಿ ಪರಿಸ್ಥಿತಿ, ಸಾಲ, ಮಕ್ಕಳ ಸಾಲಿ ಎಲ್ಲಾ ಲೆಕ್ಕಕ್ಕ ಹಿಡದ ತೀರ್ಮಾನ ಮಾಡ್ರಿ, ಹೆಸರು ಹಾಕಲಿಲ್ಲ ಅಂದ್ರ ಹೇಡಿ ಅಂತ ಯಾರೂ ಅನ್ನೂಹಂಗಿಲ್ಲ.

ಪುರಾವೆ ಕೂಡಸೂದು

ನಿಮ್ಮ ಕೆಲಸದಾಗ ನಿಮ್ಮ ಕೈಗೆ ತಾನ ಬರೋ ಕಾಗದ, ನಿಮ್ಮ ಕಣ್ಣಿಗೆ ಬಿದ್ದ ಸಂಗತಿ, ಇಷ್ಟ. ಇನ್ನೊಬ್ಬರ ಪಾಸ್‌ವರ್ಡ್ ಹಾಕಿ ಸಿಸ್ಟಮ್ ತೆಗೆಯೂದು, ಡ್ರಾವರ್ ತೆಗೆದು ಫೈಲ್ ಒಯ್ಯೂದು, ಆಫೀಸ್ ಮೇಲನ್ನ ಸ್ವಂತ ಮೇಲಿಗೆ ಫಾರ್ವರ್ಡ್ ಮಾಡೂದು, ಇವು ಮೂರೂ ಬ್ಯಾಡ. ಫಾರ್ವರ್ಡ್ ಮಾಡಿದ್ದು ಐಟಿಯವರಿಗೆ ಕಾಣ್ತೈತಿ, ಆಮ್ಯಾಲೆ ಕಳವು ಮಾಡಿದವನ ಕತಿ ಹಿಂದ ಬಿದ್ದು ಡೇಟಾ ಹೊರಗ ಒಯ್ದವನ ಕತಿ ಮುಂದ ಬರ್ತೈತಿ. ಕಾಗದ ತರಾಕ ಆಗಲಿಲ್ಲಂದ್ರ ಅದರ ನಂಬರ್ ನೆನಪಿಟ್ಟ ಮನಿಗೆ ಬಂದು ಬರ್ಕೊಳ್ರಿ. ಚೀಟಿ ನಂಬರ್, ಗಾಡಿ ನಂಬರ್, ತಾರೀಖು, ಪಾಳಿ. ತನಿಖೆ ಮಾಡೋರಿಗೆ ಅಷ್ಟು ಸಿಕ್ರ ಒರಿಜಿನಲ್ ಅವರ ತಗಸ್ತಾರ.

ಫೋಟೋ ಹೊಡದಿದ್ರ ಎರಡು ಮಾತು ನೆನಪಿಡ್ರಿ. ಫೋನ್ ಕ್ಯಾಮೆರಾದ ಫೋಟೋ ಫೈಲಿನ ಒಳಗ ಯಾವ ಫೋನು, ಎಷ್ಟೊತ್ತಿಗೆ, ಲೊಕೇಶನ್ ಆನ್ ಇದ್ರ ಯಾವ ಜಾಗ, ಎಲ್ಲಾ ಸೇರ್ಕೊಂಡಿರ್ತೈತಿ, ಅದಕ್ಕ ಹೆಸರಿಲ್ಲದ ದೂರಿಗೆ ಹಚ್ಚೂವಾಗ ಫೋಟೋದ ಸ್ಕ್ರೀನ್‌ಶಾಟ್ ತಗದು ಅದನ್ನ ಹಚ್ರಿ. ವರ್ಡ್ ಫೈಲಿನ್ಯಾಗೂ ಬರದವರ ಹೆಸರು ಒಳಗ ಕೂತಿರ್ತೈತಿ. ಆದ್ರ ಒರಿಜಿನಲ್ ಫೋಟೋ, ರೆಕಾರ್ಡಿಂಗ್, ಮೆಸೇಜು ಅಳಸಬ್ಯಾಡ್ರಿ, ಆ ಫೋನೂ ಮಾರಬ್ಯಾಡ್ರಿ. ನಾಳೆ ವಿಷಯ ಕೋರ್ಟಿಗೆ ಹೋದ್ರ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ಪುರಾವೆಗೆ ಸರ್ಟಿಫಿಕೇಟ್ ಕೊಡಬೇಕಾಗ್ತೈತಿ, ಆಗ ಮೂಲ ಫೋನ್ ಇಲ್ಲದಿದ್ರ ಕಷ್ಟ. ಸಿಸಿಟಿವಿ ಬಗ್ಗೆನೂ ಒಂದು ಮಾತು: ಹಳೇ ರೆಕಾರ್ಡಿಂಗ್ ಮ್ಯಾಲೆ ಹೊಸಾದು ಬಂದು ಅಳಿಸಿ ಹೋಗ್ತೈತಿ, ಕ್ಯಾಮೆರಾನ್ಯಾಗ ಸಿಕ್ಕಿರಬಹುದು ಅನ್ನೋ ವಿಷಯ ಇದ್ರ ತಿಂಗಳುಗಟ್ಟಲೆ ವಿಚಾರ ಮಾಡ್ಕೋತ ಕೂಡಬ್ಯಾಡ್ರಿ, ದೂರಿನ್ಯಾಗ "ಈ ದಿನದ ಗೇಟ್ ಕ್ಯಾಮೆರಾ ರೆಕಾರ್ಡಿಂಗ್ ತಗದಿಡ್ರಿ" ಅಂತ ಮೊದಲ ಸಾಲಿನ್ಯಾಗ ಬರೀರಿ.

ದೂರು ಬರಿಯೂದು

ಒಂದು ಫೌಂಡ್ರಿ ಅಂತ ತಿಳ್ಕೊಳ್ರಿ. ಮಷಿನ್ ಶಾಪಿನ್ಯಾಗ ಬಿದ್ದ ಬೀಡಿನ ಚೂರು, ಅದ ಬೋರಿಂಗ್ ಸ್ಕ್ರ್ಯಾಪು, ಗಾಡಿ ತುಂಬಿ ಮಾರ್ತಾರ. ಹೊರಗ ಹೋಗೋ ಗಾಡಿ ವೇ ಬ್ರಿಡ್ಜ್ ಮ್ಯಾಲೆ ನಿಂತು ಚೀಟಿ ಬರ್ತೈತಿ, ಅದರಾಗ ಗಾಡಿ ನಂಬರ್, ಖಾಲಿ ಗಾಡಿ ತೂಕ, ತುಂಬಿದ ತೂಕ, ನಿವ್ವಳ ತೂಕ, ತಾರೀಖು, ಟೈಮು, ಚೀಟಿ ನಂಬರ್ ಇರ್ತೈತಿ. ಅದನ್ನ ನೋಡಿ ಗೇಟ್ ಪಾಸ್ ಬರೀತಾರ. ಚೀಟಿನ್ಯಾಗ ನಿವ್ವಳ 6,240 ಕೆಜಿ ಐತಿ, ಗೇಟ್ ಪಾಸಿನ್ಯಾಗ 4,240 ಕೆಜಿ ಐತಿ. ಒಂದ ಅಂಕಿ ಬದಲಾಗೇತಿ, ಎರಡು ಟನ್ ಮಾಲಿನ ರೊಕ್ಕ ಯಾರದೋ ಕಿಸೆಗೆ ಹೋಗೇತಿ. ಇದನ್ನ ಸಿಟ್ಟಿನ್ಯಾಗ ಹೆಂಗ ಬರೀತಾರಂದ್ರ:

"ಡಿಸ್ಪ್ಯಾಚ್ ಸಾಹೇಬ ದೊಡ್ಡ ಕಳ್ಳ ಅದಾನ, ವರ್ಷದಿಂದ ಲೂಟಿ ನಡದೈತಿ, ಇಡೀ ಫ್ಯಾಕ್ಟರಿಗೆ ಗೊತ್ತೈತಿ, ನಾನು ರಾತ್ರಿ ಪಾಳಿನ್ಯಾಗ ಕೇಳಿದಾಗ ನನಗ ಬಾಯಿ ಮುಚ್ಚು ಅಂದ, ಕೂಡ್ಲೆ ಕ್ರಮ ತಗೊಳ್ರಿ."

ಇದರಾಗ ತನಿಖೆ ಮಾಡಾಕ ಏನೂ ಇಲ್ಲ, ಮತ್ತ ಬರದವನು ಯಾರು ಅನ್ನೂದು ಸಾಹೇಬನಿಗೆ ಒಂದು ಕ್ಷಣದಾಗ ಗೊತ್ತಾಗ್ತೈತಿ, ಯಾಕಂದ್ರ ಬಾಯಿ ಮುಚ್ಚು ಅಂದಿದ್ದು ಒಬ್ಬನಿಗೇ. ಅದ ವಿಷಯನ ಹಿಂಗ ಬರದ್ರ:

"ಬೆಳಗಾವಿ ಪ್ಲಾಂಟಿನಿಂದ ಹೊರಗ ಹೋಗುವ ಬೋರಿಂಗ್ ಸ್ಕ್ರ್ಯಾಪ್ ಗಾಡಿಗಳ ವೇ ಬ್ರಿಡ್ಜ್ ತೂಕಕ್ಕೂ ಗೇಟ್ ಪಾಸ್ ತೂಕಕ್ಕೂ ವ್ಯತ್ಯಾಸ ಇದೆ. ಜನವರಿಯಿಂದ ಮಾರ್ಚ್ ತನಕದ ಎಲ್ಲಾ ಸ್ಕ್ರ್ಯಾಪ್ ಗಾಡಿಗಳ ವೇ ಬ್ರಿಡ್ಜ್ ಡೇಟಾ, ಗೇಟ್ ಪಾಸ್ ಮತ್ತು ಸ್ಕ್ರ್ಯಾಪ್ ಖರೀದಿದಾರರ ಬಿಲ್ಲು ಹೋಲಿಸಿ ನೋಡಿ. ಉದಾಹರಣೆಗೆ ಮಾರ್ಚ್ ಎರಡನೇ ವಾರದ ಒಂದು ಗಾಡಿಯಲ್ಲಿ ಎರಡು ಟನ್ ವ್ಯತ್ಯಾಸ ಇದೆ. ವೇ ಬ್ರಿಡ್ಜ್ ಕಂಪ್ಯೂಟರಿನ ಡೇಟಾವನ್ನು ಪ್ಲಾಂಟಿಗೆ ತಿಳಿಸುವ ಮೊದಲೇ ತೆಗೆದಿಡಿ."

ಇದರಾಗ ನಾನು ಅನ್ನೂದ ಇಲ್ಲ. ಮೂರು ತಿಂಗಳದ್ದು ಕೇಳಿದ್ದಕ್ಕ ಯಾವ ಪಾಳಿ, ಯಾವ ದಿನದಿಂದ ಸುಳಿವು ಸಿಕ್ತು ಅನ್ನೂದು ಗೊತ್ತಾಗಂಗಿಲ್ಲ, ಆ ಮೂರು ತಿಂಗಳದಾಗ ಗೇಟ್ ಹತ್ರ ಕೆಲಸ ಮಾಡಿದ ಎಲ್ಲಾರ ಮ್ಯಾಲೂ ಅನುಮಾನ ಹಂಚಿ ಹೋಗ್ತೈತಿ. ಆ ಚೀಟಿ ನೀವು ಮತ್ತ ಇನ್ನೊಬ್ಬ ಇಬ್ಬರ ನೋಡೂದು ಅಂದ್ರ ಅದರ ಫೋಟೋ ಹಚ್ಚಬ್ಯಾಡ್ರಿ, ನಂಬರೂ ಬರೀಬ್ಯಾಡ್ರಿ, ಮೇಲೆ ಬರದಂಗ ಅವಧಿ ಕೊಟ್ರ ಸಾಕು, ಅವರ ಹುಡುಕ್ತಾರ. ನೀವು ಕಣ್ಣಾರೆ ಕಂಡದ್ದು ಯಾವುದು, ಮಂದಿ ಬಾಯಿಂದ ಕೇಳಿದ್ದು ಯಾವುದು, ಬರೇ ಅನುಮಾನ ಯಾವುದು, ಇದನ್ನ ಬ್ಯಾರೆ ಬ್ಯಾರೆ ಮಾಡಿ ಹೇಳ್ರಿ. ಅನುಮಾನ ಅಂತ ಹೇಳಿ ಕೊಟ್ಟಿದ್ದು ಆಮ್ಯಾಲೆ ಸುಳ್ಳಾದ್ರೂ ಒಳ್ಳೇ ಉದ್ದೇಶದಿಂದ ಕೊಟ್ಟ ದೂರಿಗೆ ಶಿಕ್ಷೆ ಇರಂಗಿಲ್ಲ, ಸುಳ್ಳು ಅಂತ ಗೊತ್ತಿದ್ದೂ ಇನ್ನೊಬ್ಬರ ಹೊಟ್ಟಿ ಮ್ಯಾಲೆ ಹೊಡ್ಯಾಕ ಕೊಟ್ಟದ್ದಕ್ಕ ಮಾತ್ರ ಕ್ರಮ ಆಗ್ತೈತಿ, ಆಗಾಕೂಬೇಕು.

ಬರದಾದ ಮ್ಯಾಲೆ ಒಂದ ರಾತ್ರಿ ಬಿಟ್ಟು ಮತ್ತ ಓದ್ರಿ, ನೀವು ಆ ಸಾಹೇಬನ ಜಾಗದಾಗ ಕೂತು ಓದ್ರಿ. ಯಾವ ಸಾಲು ಓದಿದ್ರ ನಿಮ್ಮ ಮುಖ ಕಣ್ಮುಂದ ಬರ್ತೈತಿ ಅದನ್ನ ತಗೀರಿ. ನೀವು ಯಾವಾಗಲೂ ಆಡೋ ಪದ, ಮರಾಠಿ ಸೇರಿಸಿ ಮಾತಾಡೋ ಚಾಳಿ, ವಾಟ್ಸಾಪಿನ್ಯಾಗ ಬರಿಯೋ ಶೈಲಿ ಇವೂ ಗುರುತು ಹಿಡಸ್ತಾವ.

ಫೋನ್ ಮಾಡೂದು

ಕಂಪನಿ ಕೊಟ್ಟ ಸಿಯುಜಿ ಸಿಮ್‌ನಿಂದ ಬ್ಯಾಡ, ಅದರ ಬಿಲ್ಲು ಕಂಪನಿಗೇ ಹೋಗ್ತೈತಿ. ಕಂಪನಿ ವೈಫೈ ಬ್ಯಾಡ, ಕಂಪನಿ ಬಸ್ಸಿನ್ಯಾಗ ಕೂತು ಬ್ಯಾಡ. ಮನಿಯಾಗ, ಸ್ವಂತ ನಂಬರಿನಿಂದ. ಎತ್ತಿದವರು ಹೆಚ್ಚಾಗಿ ಬ್ಯಾರೆ ಊರಿನ ಏಜೆನ್ಸಿಯವರು, ಇಂಗ್ಲಿಷ್ ಇಲ್ಲಾ ಹಿಂದಿನ್ಯಾಗ ಚಾಲೂ ಮಾಡ್ತಾರ, ನೀವು "ಕನ್ನಡದಾಗ ಮಾತಾಡೋರನ್ನ ಕೊಡ್ರಿ" ಅಂತ ಕೇಳ್ರಿ, ಮರಾಠಿ ಬೇಕಾದ್ರ ಮರಾಠಿ ಕೇಳ್ರಿ. ಆಗ ಸಿಗಲಿಲ್ಲಂದ್ರ ಯಾವಾಗ ಸಿಗ್ತಾರ ಕೇಳಿ ಮತ್ತ ಹಚ್ರಿ. ಅರ್ಧಂಬರ್ಧ ಹಿಂದಿನ್ಯಾಗ ಹೇಳಿ ವಿಷಯ ಅಡ್ಡ ಹೋಗೂದಕ್ಕಿಂತ ಅದು ಛಲೋ. ಅವರು ಬರಕೊಂಡಿದ್ದನ್ನ ಓದಿ ಹೇಳಸ್ರಿ, ತಪ್ಪಿದ್ರ ತಿದ್ದಸ್ರಿ.

ಫೋನ್ ಇಡೂಕಿಂತ ಮೊದಲ ಕೇಸ್ ನಂಬರ್ ತಗೊಳ್ರಿ. ಕೆಲವು ಕಡೆ ಪಿನ್ ಇಲ್ಲಾ ಪಾಸ್‌ವರ್ಡನೂ ಕೊಡ್ತಾರ. ಇದು ಹೋತಂದ್ರ ಹೆಸರಿಲ್ಲದ ದೂರಿಗೆ ನಿಮ್ಮನ್ನ ಮತ್ತ ಹುಡುಕೋ ದಾರಿನ ಇರಂಗಿಲ್ಲ. ಹದಿನೈದು ದಿನಕ್ಕೊಮ್ಮೆ ಆ ನಂಬರ್ ಹಾಕಿ ನೋಡ್ರಿ, ತನಿಖೆ ಮಾಡೋರು ಅಲ್ಲಿ ಪ್ರಶ್ನೆ ಬಿಟ್ಟಿರ್ತಾರ. ಎಷ್ಟೋ ದೂರು ಸಾಯೂದ ಇಲ್ಲಿ, ಪ್ರಶ್ನೆಗೆ ಉತ್ತರ ಬರಲಿಲ್ಲ ಅಂತ ಕೇಸ್ ಮುಚ್ತಾರ.

ಆಮ್ಯಾಲೆ ಸುಮ್ನ ಇರೂದು, ಇದ ಎಲ್ಲಕ್ಕಿಂತ ಕಷ್ಟ. ಆಡಿಟ್ ಮಂದಿ ಪ್ಲಾಂಟಿಗೆ ಬಂದ ದಿನ ಕ್ಯಾಂಟೀನ್ ತುಂಬ ಅದ ಮಾತು, ಯಾರು ಕೊಟ್ಟಿರಬಹುದು ಅಂತ ಎಲ್ಲಾರೂ ಲೆಕ್ಕ ಹಾಕ್ತಾರ. ನೀವು ಒಮ್ಮಿಗೇ ಮೌನಿಯಾಗಬ್ಯಾಡ್ರಿ, ಹೆಚ್ಚು ಮಾತೂ ಆಡಬ್ಯಾಡ್ರಿ, ದಿನಾ ಇದ್ದಂಗ ಇರ್ರಿ. ಗೆಳೆಯಾಗ ಒಬ್ಬಗ ಹೇಳ್ತೀನಿ ಅಂತ ಹೇಳಿದ್ರ ಅವನಿಗೂ ಒಬ್ಬ ಗೆಳೆಯ ಇರ್ತಾನ. ಮನಿಯವರಿಗೆ ಹೇಳೂದಿದ್ರ ಹೇಳ್ರಿ, ಕಷ್ಟ ಬಂದ್ರ ಅವರ ಜೊತಿ ಇರಬೇಕಾದವರು. ತನಿಖೆಯವರು ಎಲ್ಲಾರನ್ನ ಕರದಂಗ ನಿಮ್ಮನ್ನೂ ಕರದು ಕೇಳಿದ್ರ ಕಂಡದ್ದನ್ನ ಕಂಡಂಗ ಹೇಳ್ರಿ, ದೂರು ಕೊಟ್ಟೀನಿ ಅಂತ ತಾನಾಗೇ ಹೇಳೂ ಜರೂರಿಲ್ಲ.

ತ್ರಾಸ ಕೊಡಾಕ ಚಾಲೂ ಮಾಡಿದ್ರ

ಏಕಾಏಕಿ ಬ್ಯಾರೆ ಪ್ಲಾಂಟಿಗೆ ವರ್ಗ, ಓವರ್ ಟೈಮ್ ಬಂದ್, ಕಾರಣ ಇಲ್ಲದ ಮೆಮೊ, ಇಂಥಾವು ಚಾಲೂ ಆದ್ರ ಪ್ರತಿಯೊಂದನ್ನೂ ತಾರೀಖು ಹಾಕಿ ಬರೀರಿ. ದೂರು ಕೊಡೂಕಿಂತ ಮೊದಲಿನ ಅಪ್ರೈಸಲ್ ಪತ್ರ, ಹಾಜರಿ, ಪಗಾರ ಚೀಟಿ ಮನಿಯಾಗ ತಗದಿಟ್ಟಿರ್ರಿ, ಹಿಂದಿನ ವರ್ಷ ಛಲೋ ಕೆಲಸಗಾರ ಅಂದವರು ಈ ವರ್ಷ ಹೆಂಗ ಕೆಟ್ಟವನಂದ್ರು ಅನ್ನೂದಕ್ಕ ಅದ ಉತ್ತರ. ಮೆಮೊಗೆ ಸಿಟ್ಟಿನ್ಯಾಗ ಉತ್ತರ ಬರೀಬ್ಯಾಡ್ರಿ, ಟೈಮಿನೊಳಗ ಸಭ್ಯವಾಗಿ ಬರೀರಿ, ಒಂದು ಕಾಪಿ ಇಟ್ಕೊಳ್ರಿ. ಆಮ್ಯಾಲೆ ಅದ ಕೇಸ್ ನಂಬರಿನ ಮ್ಯಾಲೆ ಇದು ಸೇಡು ಅಂತ ಹೊಸ ದೂರು ಹಾಕ್ರಿ, ಜೊತಿಗೆ ಆಡಿಟ್ ಕಮಿಟಿ ಅಧ್ಯಕ್ಷರಿಗೂ ಒಂದು ಕಳಸ್ರಿ. ರಾಜೀನಾಮೆ ಬರದು ಕೊಡು ಅಂತ ಕೂಡಿಸಿ ಒತ್ತಾಯ ಮಾಡಿದ್ರ ಅಲ್ಲೇ ಸಹಿ ಹಾಕಬ್ಯಾಡ್ರಿ, ಯೂನಿಯನ್ ಇದ್ರ ಯೂನಿಯನ್, ಇಲ್ಲಂದ್ರ ಒಬ್ಬ ಲೇಬರ್ ವಕೀಲರನ್ನ ಕಾಣ್ರಿ.

ಹೆಲ್ಪ್‌ಲೈನ್ ಬಿಟ್ಟು ಹೊರಗಿನ ದಾರಿ

ಮಷಿನ್ ಗಾರ್ಡ್ ಇಲ್ಲ, ಅಪಘಾತ ಮುಚ್ಚಿಟ್ರು ಅನ್ನೂದಿದ್ರ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ಬರೀಬಹುದು. ರಾಜ್ಯ ಸರ್ಕಾರದ ನೌಕರರ ಭ್ರಷ್ಟಾಚಾರಕ್ಕ ಲೋಕಾಯುಕ್ತ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಲೋಕಾಯುಕ್ತ ಪೊಲೀಸರು ಅದಾರ. ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಈಗಿಲ್ಲ, 2022ರಾಗ ಹೈಕೋರ್ಟ್ ಅದನ್ನ ರದ್ದು ಮಾಡಿ ಅಧಿಕಾರ ವಾಪಸ್ ಲೋಕಾಯುಕ್ತಕ್ಕ ಕೊಟ್ಟೈತಿ. ಲಂಚ ಕೊಡಲೇಬೇಕಾದ ಒತ್ತಾಯಕ್ಕ ಬಿದ್ದು ಕೊಟ್ಟವರು 7 ದಿನದೊಳಗ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು, 2018ರ ತಿದ್ದುಪಡಿ ಆದ ಮ್ಯಾಲೆ ಲಂಚ ಕೊಡೂದೂ ಅಪರಾಧ, ಆ 7 ದಿನದ ಅವಕಾಶನ ನಿಮಗಿರೋ ರಕ್ಷಣೆ.

ಕೇಂದ್ರ ಸರ್ಕಾರದ ಇಲಾಖೆ, ಸರ್ಕಾರಿ ಬ್ಯಾಂಕು, ಕೇಂದ್ರದ ಉದ್ದಿಮೆಗಳ ವಿಷಯಕ್ಕ ಪಿಐಡಿಪಿಐ ಅಂತ ಒಂದು ದಾರಿ ಐತಿ, ಸಾರ್ವಜನಿಕ ಹಿತಕ್ಕ ಅಕ್ರಮ ತಿಳಿಸಿದವರ ರಕ್ಷಣೆಗೆ ಮಾಡಿದ ಸರ್ಕಾರಿ ನಿರ್ಣಯ ಅದು. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ರಸ್ತೆ ಕಾಮಗಾರಿ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರದು, ನನ್ನ ಹೆಸರು ಗುಟ್ಟಾಗಿಡ್ರಿ ಅಂತ ಕೇಳಿದ್ರೂ ಆ ಪತ್ರ ಹೆಸರು ಸಮೇತ ಕಚೇರಿಯಿಂದ ಕಚೇರಿಗೆ ಓಡಾಡ್ತು. 2003ರ ನವೆಂಬರಿನ್ಯಾಗ ಗಯಾದಾಗ ಅವರ ಕೊಲೆ ಆತು, ದೇಶದಾಗ ದೊಡ್ಡ ಆಕ್ರೋಶ ಎದ್ದಿತು, 2004ರಾಗ ಕೇಂದ್ರ ಸರ್ಕಾರ ಈ ನಿರ್ಣಯ ತಂತು. 2014ರಾಗ ಇದಕ್ಕಂತ ಒಂದು ಪೂರ್ತಿ ಕಾಯ್ದೆನ ಪಾಸಾತು, ಆದ್ರ ಜಾರಿಗೆ ತರಲಿಲ್ಲ, ಇದು ಖರೇನ ಹೊಟ್ಟಿ ಉರಿಯೋ ಸಂಗತಿ. ಪಿಐಡಿಪಿಐ ದೂರನ್ನ ಮುಚ್ಚಿದ ಲಕೋಟಿನ್ಯಾಗ ಹಾಕಿ ನವದೆಹಲಿಯ ಕೇಂದ್ರ ಜಾಗೃತ ಆಯೋಗದ ಕಾರ್ಯದರ್ಶಿಗೆ ಪೋಸ್ಟ್ ಮಾಡಬೇಕು, ಲಕೋಟಿ ಮ್ಯಾಲೆ ಪಿಐಡಿಪಿಐ ಅಂತ ಬರೀಬೇಕು, ನಿಮ್ಮ ಹೆಸರು ವಿಳಾಸ ಒಳಗಿನ ಕಾಗದದಾಗ ಇರಬೇಕು, ಹೊರಗ ಇರಬಾರದು. ಹೆಸರಿಲ್ಲದ್ದನ್ನ ಈ ದಾರಿನ್ಯಾಗ ತಗೊಳ್ಳಂಗಿಲ್ಲ. ಖಾಸಗಿ ಕಂಪನಿ, ರಾಜ್ಯ ಸರ್ಕಾರದ ನೌಕರರು ಇದರೊಳಗ ಬರಂಗಿಲ್ಲ.

ಹತ್ತು ಮಂದಿಗಿಂತ ಕಡಿಮಿ ಇರೋ ಅಂಗಡಿ, ವರ್ಕ್‌ಶಾಪು, ಗಾರ್ಮೆಂಟ್ ಶೆಡ್, ಮನಿಕೆಲಸ, ಇಂಥಾ ಕಡೆ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆದ್ರ, ಇಲ್ಲಾ ಮಾಲಕನ ಮ್ಯಾಲೇ ದೂರು ಇದ್ರ, ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರ್ತೈತಿ, ಅದಕ್ಕ ಕೊಡಬೇಕು, ಅಲ್ಲೂ ಅದ 3 ತಿಂಗಳ ಲೆಕ್ಕ. ಎಲ್ಲಿ ಕೊಡಬೇಕು ಅನ್ನೂದು ಜಿಲ್ಲಾಧಿಕಾರಿ ಕಚೇರಿನ್ಯಾಗ ಇಲ್ಲಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿನ್ಯಾಗ ಕೇಳಿದ್ರ ಹೇಳ್ತಾರ, ಕೇಂದ್ರ ಸರ್ಕಾರದ ಶೀ ಬಾಕ್ಸ್ ಪೋರ್ಟಲ್‌ನ್ಯಾಗೂ ಹಾಕಬಹುದು. ಹೋಗೂವಾಗ ದೂರಿನ ಆರು ಕಾಪಿ, ಇದ್ದ ಪುರಾವೆ, ಸಾಕ್ಷಿ ಹೇಳೋರ ಹೆಸರು ವಿಳಾಸ ತಗೊಂಡು ಹೋಗ್ರಿ, ನಿಮ್ಮ ಕಾಪಿ ಮ್ಯಾಲೆ ಸೀಲ್ ಹಾಕಿಸಿಕೊಂಡು ಬರ್ರಿ.